ಮೊದಲು ಬಾಡಿಯೋ (ಲೆನ್ಸ್ ಇಲ್ಲದ ಬರೀ ಕ್ಯಾಮೆರಾ), ಲೆನ್ಸೋ? ಬಸರಿ ಮರದ ಮಂಗಟ್ಟೆಗೆ 80 ಸಾವಿರದಲ್ಲಿ ಏನು ಬರುತ್ತದೆ?

ತೀರ್ಥಹಳ್ಳಿ ತೋಟದವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ತಾಲೂಕಿನವನು. ಅಡಿಕೆ ತೋಟ, ಮಧ್ಯೆ ಸ್ವಲ್ಪ ಕಾಳುಮೆಣಸು. ಎರಡು ವರ್ಷದ ಹಿಂದೆ ತಂಗಿಯ ಮಗ ಬೆಂಗಳೂರಿನಿಂದ ಬಂದವನು ತನ್ನ ಹಳೇ ನಿಕಾನ್ ಡಿ3200 ಕೊಟ್ಟು ಹೋದ. "ಇಟ್ಕೊಳ್ಳಿ ಮಾವ, ನಾನೀಗ ಮೊಬೈಲಲ್ಲೇ ತೆಗೆಯೋದು" ಅಂದ. ಜೊತೆಗೆ 18-55 ಕಿಟ್ ಲೆನ್ಸ್, ಒಂದು 55-200 ಝೂಮ್. ಅವತ್ತಿನಿಂದ ಹಿಡಿದ ಹುಚ್ಚು ಬಿಟ್ಟಿಲ್ಲ.

ಮನೆ ಹಿಂದಿನ ಬೆಟ್ಟದಲ್ಲಿ ಒಂದು ಬಸರಿ ಮರ ಇದೆ. ಹಣ್ಣಾದಾಗ ಮಂಗಟ್ಟೆ ಹಕ್ಕಿ ಬರುತ್ತವೆ. ನನಗೆ ತೋಟದ ಕೆಲಸ ಮುಗಿಯುವುದೇ ಸಂಜೆ ಐದಕ್ಕೆ. ಅಷ್ಟೊತ್ತಿಗೆ ಮರದಡಿ ಕತ್ತಲೆ. ಕಳೆದ ವಾರ ತೆಗೆದದ್ದರ ಲೆಕ್ಕ ಹೀಗಿತ್ತು: 200 ಎಂಎಂ, ಎಫ್ 5.6 (ಲೆನ್ಸಿನ ಬಾಯಿ, ಸಂಖ್ಯೆ ಚಿಕ್ಕದಾದಷ್ಟು ಬೆಳಕು ಜಾಸ್ತಿ), ಐಎಸ್‌ಒ 3200 (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ), ಶಟರ್ 1/60 ಸೆಕೆಂಡು. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದೆ. ಹೆಂಡತಿ ಹಿಂದೆ ನಿಂತು ನೋಡಿ "ಇದು ಕಾಗೆಯಾ?" ಎಂದಳು.

ಈ ಸಲ ಅಡಿಕೆ ಮಂಡಿಗೆ ಹಾಕಿದ ಮೇಲೆ 80 ಸಾವಿರ ಬೇರೆ ತೆಗೆದಿಟ್ಟಿದ್ದೇನೆ. ಪೇಟೆಯ ಒಂದು ಅಂಗಡಿಯಲ್ಲಿ ಕೇಳಿದರೆ "ಬಾಡಿ ಹಳೇದಾಯ್ತು ಸರ್, ಡಿ7500 ಬಾಡಿ ಜೊತೆ 18-140 ಲೆನ್ಸ್ ತಗೊಳ್ಳಿ, ಎಲ್ಲದಕ್ಕೂ ಆಗುತ್ತೆ" ಅಂದರು. ಹಾಗೇ ಮಾಡಲಾ? ಅಥವಾ ಈ ಬಾಡಿಯನ್ನೇ ಇಟ್ಟುಕೊಂಡು ಲೆನ್ಸ್ ತಗೊಳ್ಳಲಾ? ಮಳೆ ಹಿಡಿದ ಮೇಲೆ ಮಂಡಗದ್ದೆ ಪಕ್ಷಿಧಾಮಕ್ಕೂ ಹೋಗುವ ಆಸೆ ಇದೆ. ಅಮ್ಮ ಬೇರೆ, ಕ್ಯಾಮೆರಾ ಅಡಿಕೆ ಒಲೆಯ ಮೇಲಿನ ಅಟ್ಟದಲ್ಲಿಡು, ಬೂಷ್ಟು ಹಿಡಿಯಲ್ಲ ಅನ್ನುತ್ತಿದ್ದಾರೆ. ಅದು ಸರಿಯಾ?

ಶಿವಮೊಗ್ಗ ಮದುವೆ ಫೋಟೋ

ನಾನು ಬಾಡಿ ಕಡೆ. ನಿಮ್ಮ ಡಿ3200 ಬಂದದ್ದು 2012ರಲ್ಲಿ. ಫೋಕಸ್ ಬಿಂದು ಹನ್ನೊಂದೇ. ಕಂಪನಿ ಲೆಕ್ಕದಲ್ಲಿ ಅದರ ಆಟೋಫೋಕಸ್ ಮೈನಸ್ 1 ಇವಿ (ಬೆಳಕಿನ ಅಳತೆ, ಇಳಿದಷ್ಟೂ ಕತ್ತಲೆ) ಬೆಳಕಿನ ತನಕ ಕೆಲಸ ಮಾಡುತ್ತದೆ, ಡಿ7200, ಡಿ7500 ಮೈನಸ್ 3ರ ತನಕ. ಅಂದರೆ ಬೆಳಕು ಕಾಲು ಭಾಗಕ್ಕೆ ಇಳಿದರೂ ಅವು ಹಿಡಿಯುತ್ತವೆ. ಮದುವೆ ಮನೆಯಲ್ಲಿ ಧಾರೆ ಹೊತ್ತಿಗೆ ಕರೆಂಟ್ ಹೋದಾಗ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಹಳೇ ಬಾಡಿ ಲೆನ್ಸನ್ನು ಹಿಂದೆ ಮುಂದೆ ಓಡಿಸುತ್ತಾ ಇರುತ್ತದೆ, ಅಷ್ಟರಲ್ಲಿ ತಾಳಿ ಕಟ್ಟಿ ಮುಗಿದಿರುತ್ತದೆ.

ಹೊಸದೇ ಬೇಕಂತಿಲ್ಲ. ಸೆಕೆಂಡ್ ಹ್ಯಾಂಡ್ ಡಿ7200 ಸಿಕ್ಕರೆ ಸಾಕು. ಅದರಲ್ಲಿ ಎರಡು ಕಾರ್ಡ್ ಹಾಕಬಹುದು, ಡಿ7500ರಲ್ಲಿ ಒಂದೇ. ಶಟರ್ ಎಷ್ಟು ಸಲ ಹೊಡೆದಿದೆ ಅಂತ ತಪ್ಪದೆ ನೋಡಿ. ಡಿ7200ಕ್ಕೆ ಕಂಪನಿ ಹೇಳುವುದು ಒಂದೂವರೆ ಲಕ್ಷ. ನಮ್ಮಂಥವರ ಕೈಯಲ್ಲಿದ್ದದ್ದಾದರೆ ಆ ಲೆಕ್ಕ ಎರಡೇ ಸೀಸನ್‌ಗೆ ಮುಗಿದಿರುತ್ತದೆ, ಹುಷಾರು.

ಸಾಗರದ ಮೇಷ್ಟ್ರು

ಮದುವೆ ಫೋಟೋದವರು ಹೇಳಿದ ಫೋಕಸ್ ಮಾತು ಸುಳ್ಳಲ್ಲ. ಆದರೆ ತೋಟದವರೇ, ನಿಮ್ಮ ಪಟ ಕೆಟ್ಟದ್ದು ಅದರಿಂದ ಅಲ್ಲ ಅಂತ ನನ್ನ ಅನಿಸಿಕೆ. 200 ಎಂಎಂಗೆ 1/60 ಅಂದರೆ ಕೈ ಅಲುಗಾಟವೇ ಸಾಕು. ಹಕ್ಕಿ ಕತ್ತು ತಿರುಗಿಸಿದರೆ ಇನ್ನೂ ಕಷ್ಟ. ನಿಮಗೆ ಬೇಕಾದದ್ದು ಬೆಳಕು ಮತ್ತು ದೂರದ್ದನ್ನು ಹತ್ತಿರ ತರುವ ಉದ್ದ (ಎಂಎಂ). ಎರಡನ್ನೂ ಬಾಡಿ ಕೊಡುವುದಿಲ್ಲ.

ಅಂಗಡಿಯವರ ಮಾತನ್ನೇ ನೋಡಿ. ನಿಮ್ಮ ಹತ್ತಿರ ಈಗಾಗಲೇ 200 ಇದೆ. ಅವರು ಕೊಡುತ್ತಿರುವುದು 140! ಅದೂ ಆ ತುದಿಯಲ್ಲಿ ಎಫ್ 5.6 ತಾನೆ. ದುಡ್ಡು ಪೂರ್ತಿ ಖಾಲಿ ಮಾಡಿ ಹಕ್ಕಿಯನ್ನು ಇನ್ನೂ ದೂರ ಕಳಿಸಿದ ಹಾಗಾಯಿತು. ಡಿ7500 ಜಾಸ್ತಿ ಐಎಸ್‌ಒದಲ್ಲಿ ಸ್ವಲ್ಪ ಚೊಕ್ಕವಾಗಿ ಬರುತ್ತದೆ, ಒಪ್ಪುತ್ತೇನೆ. ಅಷ್ಟಕ್ಕೆ 80 ಸಾವಿರ ಕೊಡಬೇಡಿ.

ನನ್ನ ಸಲಹೆ ನಿಕಾನ್‌ನ ಹಳೇ 300 ಎಂಎಂ ಎಫ್ 4. ಝೂಮ್ ಇಲ್ಲ, ಕೈ ಅಲುಗಾಟ ತಡೆಯುವ ವಿಆರ್ ಇಲ್ಲ. ಸೆಕೆಂಡ್ ಹ್ಯಾಂಡಿನಲ್ಲಿ ನಿಮ್ಮ ದುಡ್ಡಿನ ಅರ್ಧದಲ್ಲಿ ಬರಬಹುದು. ಎಫ್ 5.6ರಿಂದ ಎಫ್ 4ಕ್ಕೆ ಬಂದರೆ ಬೆಳಕು ಎರಡು ಪಟ್ಟು. ನಿಮ್ಮ 1/60 ಅಲ್ಲೇ 1/125 ಆಯಿತು. ಐಎಸ್‌ಒ 6400ಕ್ಕೆ ಏರಿಸಿದರೆ 1/250. ಹಣ್ಣು ತಿನ್ನುತ್ತಾ ಕೂತ ಮಂಗಟ್ಟೆಗೆ ಅಷ್ಟು ಸಾಕು. ಆದರೆ 300 ಎಂಎಂ ಅನ್ನು ಬರಿಗೈಯಲ್ಲಿ 1/250ಕ್ಕೆ ಹಿಡಿಯಲು ಆಗುವುದಿಲ್ಲ, ನಮ್ಮ ಚಿಕ್ಕ ಸೆನ್ಸರಿನ ಬಾಡಿಗಳಲ್ಲಿ ಅದು 450ರ ಹಾಗೆ ಕಾಣುತ್ತದಲ್ಲ. ಒಂದು ಮೊನೊಪಾಡ್ (ಒಂಟಿ ಕಾಲಿನ ಸ್ಟ್ಯಾಂಡ್) ತಗೊಳ್ಳಿ. ಫೋಕಸ್‌ಗೆ ನಡುವಿನ ಬಿಂದು ಒಂದನ್ನೇ ನಂಬಿ, ನಿಮ್ಮ ಬಾಡಿಯಲ್ಲಿ ಗಟ್ಟಿ ಇರುವುದು ಅದೊಂದೇ.

ಕೊಳ್ಳುವಾಗ ಲೆನ್ಸಿನ ಮೇಲೆ ಎಎಫ್-ಎಸ್ ಅಂತ ಬರೆದಿದೆಯಾ ನೋಡಿ. ಅದಕ್ಕೂ ಹಿಂದಿನ 300 ಎಫ್ 4 ಒಂದಿದೆ, ಬರೀ ಎಎಫ್. ಅದನ್ನು ತಿರುಗಿಸುವ ಮೋಟಾರ್ ಬಾಡಿಯಲ್ಲಿರಬೇಕು, ಡಿ3200ರಲ್ಲಿ ಇಲ್ಲ. ಬೀಳಬಹುದಾದ ಇನ್ನೊಂದು ಹಳ್ಳ: ಎಎಫ್-ಪಿ ಅಂತ ಬರುವ ಹೊಸ 70-300 ಅಗ್ಗ, ಹಗುರ, ಚೆನ್ನಾಗಿಯೂ ಇದೆ. ಆದರೆ ಡಿ3200ರಲ್ಲಿ ಅದು ಫೋಕಸ್ಸೇ ಮಾಡುವುದಿಲ್ಲ. ಕೈಯಿಂದ ತಿರುಗಿಸಿದರೂ ಆಗುವುದಿಲ್ಲ. ತಂದ ಮೇಲೆ ತಲೆ ಚಚ್ಚಿಕೊಂಡವರನ್ನು ನೋಡಿದ್ದೇನೆ.

ಇನ್ನು ಅಮ್ಮನ ಅಟ್ಟ. ಅಡಿಕೆ ಒಲೆ ಮೇಲೆ ಬೇಡ ಮಾರಾಯ್ರೆ! ಹೊಗೆಯ ಮಸಿ ಕೂತರೆ ಬೂಷ್ಟೇ ವಾಸಿ ಅನ್ನಿಸುತ್ತದೆ. ಬೂಷ್ಟಿನ ಕಥೆ ನನ್ನದೇ ಇದೆ. ಒಂದು ವರ್ಷ ಆರಿದ್ರ ಮಳೆಯಲ್ಲಿ ನನ್ನ ಝೂಮ್ ಲೆನ್ಸನ್ನು ಬ್ಯಾಗಿನ ಸಮೇತ ಬೀರುವಿನಲ್ಲಿಟ್ಟವನು ಗಣಪತಿ ಹಬ್ಬಕ್ಕೆ ತೆಗೆದೆ. ಒಳಗಿನ ಗಾಜಿನ ಮೇಲೆ ಜೇಡರ ಬಲೆಯ ಹಾಗೆ ಬಿಳಿ ಎಳೆ. ರಿಪೇರಿಗೆ ಕೊಟ್ಟೆ, ಯಾರಿಗೆ ಅಂತ ಹೇಳುವುದಿಲ್ಲ. ಎಳೆ ಹೋಯಿತು, ಜೊತೆಗೆ ಗಾಜಿನ ಮೇಲಿನ ಲೇಪವೂ ಹೋಯಿತು. ಹಿಂದೆ ಬಂದ ಮೇಲೆ ಒಳಗೇನೋ ಗಲಗಲ ಅನ್ನುತ್ತಿತ್ತು. ಈಗ ಅದು ಮೊಮ್ಮಗನ ಆಟದ ದುರ್ಬೀನು.

ಬ್ಯಾಗು ತೇವ ಹಿಡಿದಿಟ್ಟುಕೊಳ್ಳುತ್ತದೆ. ಮಳೆಗಾಲದಲ್ಲಿ ಅದರಲ್ಲಿ ಇಡಲೇಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಒಂದು ಚಿಕ್ಕ ತೇವಮಾಪಕ. ಮುಳ್ಳು 40ರಿಂದ 50ರ ಮಧ್ಯೆ ಇದ್ದರೆ ಒಳ್ಳೆಯದು. ಮನೆಯಲ್ಲಿ ಹಲಸಿನ ಹಪ್ಪಳ ಹೇಗೆ ಇಡುತ್ತಾರೆ? ಹಾಗೇ. ಅಕ್ಕಿ ಹಾಕಬೇಡಿ, ಹಿಟ್ಟಿನ ಧೂಳು ಲೆನ್ಸಿಗೆ ಹೋಗುತ್ತದೆ.

ಹೊಸನಗರ ಕಪ್ಪೆ

ಎಲ್ಲರೂ ಹಕ್ಕಿ ಹಿಂದೆ ಬಿದ್ದಿರಲ್ಲ! ಅಣ್ಣ, ಜೂನ್ ಬಂದರೆ ನಿಮ್ಮ ತೋಟದ ಕಾಲುವೆಯಲ್ಲೇ ಎಷ್ಟು ಕಪ್ಪೆ. ನಾನು ತೆಗೆಯುವುದು ಅದನ್ನೇ, ರಾತ್ರಿ ಊಟ ಆದ ಮೇಲೆ, ತಲೆಗೆ ಟಾರ್ಚ್ ಕಟ್ಟಿಕೊಂಡು. ಇದಕ್ಕೆ ಹಳೇ ಬಾಡಿ ಧಾರಾಳ ಸಾಕು. ಮ್ಯಾಕ್ರೋದಲ್ಲಿ (ಚಿಕ್ಕದ್ದನ್ನು ತೀರಾ ಹತ್ತಿರದಿಂದ ತೆಗೆಯುವುದು) ಫೋಕಸ್ ಹೇಗೂ ಕೈಯಲ್ಲೇ ಮಾಡುವುದು, ಹಾಗಾಗಿ ಮೋಟಾರ್ ಇಲ್ಲದ ಹಳೇ 60 ಅಥವಾ 105 ಎಎಫ್-ಡಿ ಮೈಕ್ರೋ ಲೆನ್ಸ್ ನಿಮ್ಮ ಡಿ3200ಕ್ಕೆ ನಡೆಯುತ್ತದೆ. ಬೆಳಕಿನ ಅಳತೆ ಬರುತ್ತದೆ, ಆಟೋಫೋಕಸ್ ಮಾತ್ರ ಇಲ್ಲ. ಎಫ್ 11, 1/200, ಫ್ಲ್ಯಾಶ್. ಫ್ಲ್ಯಾಶ್ ಮುಂದೆ ನಾನು ಹಾಲಿನ ಪ್ಯಾಕೆಟ್ ಕತ್ತರಿಸಿ ಕಟ್ಟಿದ್ದೇನೆ, ಬಿಳಿ ಬದಿ ಒಳಗೆ. ಇಂಬಳಕ್ಕೆ ಸುಣ್ಣ ಮರೆಯಬೇಡಿ.

ತೀರ್ಥಹಳ್ಳಿ ತೋಟದವ

ಮೇಷ್ಟ್ರೇ, ತುಂಬಾ ಉಪಕಾರ. 18-140 ಬಗ್ಗೆ ನೀವು ಹೇಳಿದ್ದು ಓದಿ ನನಗೇ ನಗು ಬಂತು. ಇಷ್ಟು ಸರಳ ಲೆಕ್ಕ ಹೊಳೆಯಲಿಲ್ಲವಲ್ಲ ಅಂತ. ಒಂದು ಅನುಮಾನ. 200-500 ಲೆನ್ಸ್ ಬಗ್ಗೆ ಎಲ್ಲರೂ ಹೇಳುತ್ತಾರೆ. ಇನ್ನಷ್ಟು ದುಡ್ಡು ಕೂಡಿಸಿ ಅದನ್ನೇ ತಗೊಂಡರೆ?

ಸಾಗರದ ಮೇಷ್ಟ್ರು

ಒಳ್ಳೆ ಲೆನ್ಸು. ಗುಡವಿ ಪಕ್ಷಿಧಾಮದಲ್ಲಿ ಕೆಂಬರಲು ಹಕ್ಕಿ ತೆಗೆಯಲು ಒಂದು ಸಲ ಗೆಳೆಯರದ್ದು ತಂದಿದ್ದೆ. ಆದರೆ ತೂಕ 2.3 ಕೆಜಿ. ಬೆಟ್ಟ ಹತ್ತಿ ಹೋಗುವವರು ನೀವು. ನಾನು ಹೇಳಿದ 300 ಹತ್ತಿರ ಹತ್ತಿರ ಒಂದೂವರೆ ಕೆಜಿ. 200-500 ಎಲ್ಲಾ ಕಡೆಯೂ ಎಫ್ 5.6, ಅಂದರೆ ನಿಮ್ಮ ಸಂಜೆ ಐದು ಗಂಟೆಯ ಕಷ್ಟ ಹಾಗೇ ಉಳಿಯಿತು. ವಿಆರ್ ಕೈ ಅಲುಗಾಟ ತಡೆಯುತ್ತದೆ, ಹಕ್ಕಿಯ ಕತ್ತು ತಡೆಯುವುದಿಲ್ಲ.

ಇನ್ನೊಂದು ಯಾರೂ ಹೇಳದ ವಿಷಯ. 300 ಎಫ್ 4 ಒಂದೂವರೆ ಮೀಟರ್ ಹತ್ತಿರದ್ದನ್ನೂ ಫೋಕಸ್ ಮಾಡುತ್ತದೆ. 200-500ಗೆ 2.2 ಮೀಟರ್ ಬೇಕು. ತೋಟದಲ್ಲಿ ಇದು ದೊಡ್ಡ ವ್ಯತ್ಯಾಸ. ಚಿಟ್ಟೆ, ಓತಿ ಎಲ್ಲಾ ಬರುತ್ತವೆ. ಮುಂದೆ ಉದ್ದ ಸಾಲದೆ ಹೋದರೆ ಬಾಡಿಗೂ ಲೆನ್ಸಿಗೂ ಮಧ್ಯೆ ಕೂರುವ 1.4ರ ಟೆಲಿಕನ್ವರ್ಟರ್ ಹಾಕಿ, 420 ಎಂಎಂ ಎಫ್ 5.6 ಆಗುತ್ತದೆ. ಮಂಡಗದ್ದೆ ಗೋಪುರದಿಂದ ಬೆಳ್ಳಕ್ಕಿ, ನೀರುಕಾಗೆ ಗೂಡಿಗೆ ನನಗೆ ಬರೀ 300 ಸಾಕಾಗಿದೆ.

ತಗೊಳ್ಳುವಾಗ ಮೊಬೈಲ್ ಟಾರ್ಚನ್ನು ಹಿಂದಿನಿಂದ ಬಿಟ್ಟು ಮುಂದಿನಿಂದ ನೋಡಿ. ನಾಲ್ಕು ಧೂಳಿನ ಕಣ ಇದ್ದರೆ ಪರವಾಗಿಲ್ಲ, ಎಳೆ ಇದ್ದರೆ ಬೇಡ. ಫೋಕಸ್ ಮಾಡುವಾಗ ಕೀಂ ಅಂತ ಕೂಗಿದರೆ ಮೋಟಾರಿಗೆ ವಯಸ್ಸಾಗಿದೆ ಅಂತ ಅರ್ಥ. ಟ್ರೈಪಾಡ್ ಕಾಲರ್ (ಲೆನ್ಸನ್ನು ಸ್ಟ್ಯಾಂಡಿಗೆ ಕೂರಿಸುವ ಬಳೆ) ಸ್ವಲ್ಪ ಅಲುಗಾಡುತ್ತದೆ. ಅದು ಆ ಲೆನ್ಸಿನ ಹುಟ್ಟುಗುಣ, ಹೆದರಬೇಡಿ.

ಶಿವಮೊಗ್ಗ ಮದುವೆ ಫೋಟೋ

ಸರಿ ಮೇಷ್ಟ್ರೇ, ಸೋತೆ. ಆದರೂ ಮುಂದಿನ ಅಡಿಕೆಗೆ ಡಿ7200 ನೋಡಿ ತೋಟದವರೇ. ಹಾರುವ ಹಕ್ಕಿ ಬಂದಾಗ ನನ್ನ ಮಾತು ನೆನಪಾಗುತ್ತದೆ.

ತೀರ್ಥಹಳ್ಳಿ ತೋಟದವ

ಮೂರು ವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ. ಎಎಫ್-ಎಸ್ 300 ಎಫ್ 4 ಬಂತು, 38 ಸಾವಿರಕ್ಕೆ. ತಂಗಿಯ ಮಗನೇ ಬೆಂಗಳೂರಿನಲ್ಲಿ ಟಾರ್ಚ್ ಬಿಟ್ಟು ನೋಡಿ, ಕಿವಿಯಿಟ್ಟು ಕೇಳಿ ತಂದ. ಕಾಲರ್ ಅಲುಗಾಡುತ್ತದೆ. ಮೊನೊಪಾಡೂ ಆಯಿತು. ಉಳಿದದ್ದು ಹಾಗೇ ಇದೆ, ಸದ್ಯ ಅದರಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಸಬೇಕು.

ಬಸರಿ ಹಣ್ಣು ಮುಗಿದಿತ್ತು. ಮಂಗಟ್ಟೆ ಪತ್ತೆ ಇಲ್ಲ. ಸುಮ್ನೆ ತೋಟಕ್ಕೆ ಇಳಿದರೆ ಅಡಿಕೆ ಮರದ ಮೇಲೆ ಒಂದು ಹಾರುವ ಓತಿ, ಎರಡು ಮೀಟರ್ ದೂರ ಕೂಡ ಇರಲಿಲ್ಲ. ಗಂಟಲ ಕೆಳಗಿನ ಹಳದಿ ಪಟ್ಟಿ ಬಿಚ್ಚಿ ಮಡಚಿ ಮಾಡುತ್ತಿತ್ತು. ಬೆಳಿಗ್ಗೆ ಒಂಬತ್ತು ಗಂಟೆ, ಎಫ್ 4, ಐಎಸ್‌ಒ 1600, 1/320. ಮೈಮೇಲಿನ ಒಂದೊಂದು ಹುರುಪೆಯೂ ಎಣಿಸುವ ಹಾಗೆ ಬಂದಿದೆ. ಐವತ್ತು ವರ್ಷ ಇದೇ ಮರಗಳ ಮಧ್ಯೆ ಓಡಾಡಿದ್ದೇನೆ, ಅದರ ಕಣ್ಣು ಹೀಗಿದೆ ಅಂತ ನೋಡಿರಲಿಲ್ಲ.

ಹೆಂಡತಿಗೆ ತೋರಿಸಿದೆ. ಈ ಸಲ ಕಾಗೆ ಅನ್ನಲಿಲ್ಲ. "ಚೆನ್ನಾಗಿದೆ, ಆದರೆ ನನ್ನ ಹಪ್ಪಳದ ಡಬ್ಬ ಎಲ್ಲಿ?" ಎಂದು ಕೇಳಿದಳು.