ನಾಲ್ಕು ಮೂಲೆಗೆ ಅಸಮ ಚಾಂಫರ್ ಹಾಕಿದರೆ ಒಂದು ಮಾತ್ರ ಅಪ್ರದಕ್ಷಿಣೆ (ಫ್ರೀಕ್ಯಾಡ್ 1.0)

ನೀರ್ಚಾಲಿನಿಂದ ಪ್ರಶ್ನೆ:
ದೇವರ ಕೋಣೆಗೆ ಹಲಸಿನ ಮರದ ದೀಪದ ಕಂಬ ಮಾಡಿಸಬೇಕೆಂದಿದ್ದೇನೆ. ಮರಕ್ಕೆ ಉಳಿ ತಾಗುವ ಮೊದಲು ಫ್ರೀಕ್ಯಾಡ್ ಎಂಬ ಕಂಪ್ಯೂಟರ್ ವಿನ್ಯಾಸ ತಂತ್ರಾಂಶದ ಪಾರ್ಟ್ ಡಿಸೈನ್ ವಿಭಾಗದಲ್ಲಿ ಮಾದರಿ ಬಿಡಿಸುತ್ತಿದ್ದೇನೆ. 60 ಮಿ.ಮೀ. ಚೌಕ, 300 ಮಿ.ಮೀ. ಎತ್ತರ. ಕಂಬಕ್ಕೆ ಸುತ್ತು ಬಂದರೆ ಪ್ರತಿ ಮೂಲೆಯಲ್ಲೂ ಮೊದಲು 12, ಮೂಲೆ ದಾಟಿದ ಮೇಲೆ 4 ಮಿ.ಮೀ. ಕತ್ತರಿಸಿರಬೇಕು. ಚಾಂಫರ್‌ನಲ್ಲಿ (ಅಂಚನ್ನು ಓರೆಯಾಗಿ ಕತ್ತರಿಸುವ ಸಾಧನ) ‘ಎರಡು ದೂರ’ ಎಂಬ ಬಗೆ ಆರಿಸಿ ನಿಂತ ಅಂಚುಗಳು ನಾಲ್ಕನ್ನೂ ಒಟ್ಟಿಗೆ ಹಿಡಿದೆ. ಮೂರು ಸರಿಯಾಗಿವೆ, ನಾಲ್ಕನೆಯದು ತಿರುಗುಮುರುಗು! ದಿಕ್ಕು ಬದಲಿಸುವ ಫ್ಲಿಪ್ ಗುಂಡಿ ಒತ್ತಿದರೆ ನಾಲ್ಕೂ ಒಟ್ಟಿಗೆ ಮಗುಚುತ್ತವೆ, ಆ ಒಂದು ಆಗಲೂ ಉಳಿದವುಗಳಿಗೆ ಉಲ್ಟಾ. ದೂರ-ಕೋನದ ಬಗೆಯಲ್ಲಿ 12 ಮಿ.ಮೀ. ಮತ್ತು 18.43 ಡಿಗ್ರಿ (ಅದೇ 12-4ರ ಓರೆ) ಕೊಟ್ಟು ನೋಡಿದರೂ ಅದೇ ಕಥೆ. ಚಾಂಫರ್ ಆದ ಮೇಲೆ ಉಳಿದ ಮುಖಗಳ ಅಗಲ 36, 44, 44, 52. ಎಲ್ಲವೂ 44 ಇರಬೇಕಿತ್ತಲ್ಲ?

ಕುಂಬಳೆಯಿಂದ ಉತ್ತರ:
ಅಗಲ ಅಳೆದು ಹಾಕಿದ್ದು ಒಳ್ಳೆಯದಾಯಿತು, ರೋಗ ಅದರಲ್ಲೇ ಇದೆ. ಫ್ರೀಕ್ಯಾಡ್‌ನ ಒಳಗೆ ಆಕಾರಗಳ ಲೆಕ್ಕ ಮಾಡುವ ಓಪನ್ ಕ್ಯಾಸ್ಕೇಡ್‌ಗೆ ಅಸಮ ಚಾಂಫರ್ ಬೇಕಾದರೆ ಅಂಚಿನ ಜೊತೆ ಒಂದು ಮುಖವನ್ನೂ ಹೇಳಬೇಕು, ಮೊದಲ ಅಳತೆ ಆ ಮುಖದ ಮೇಲೆ ಬೀಳುತ್ತದೆ. ಆ ಮುಖ ಯಾವುದೆಂದು ಫ್ರೀಕ್ಯಾಡ್ ನಿಮ್ಮನ್ನು ಕೇಳುವುದಿಲ್ಲ. ಅಂಚಿಗೆ ತಾಗಿದ ಎರಡು ಮುಖಗಳಲ್ಲಿ ತನ್ನ ಪಟ್ಟಿಯಲ್ಲಿ ಮೊದಲು ಬರುವುದನ್ನು ಹಿಡಿಯುತ್ತದೆ, ಫ್ಲಿಪ್ ಒತ್ತಿದರೆ ಕೊನೆಯದನ್ನು.

ಈಗ ಮುಖಗಳಿಗೆ 1, 2, 3, 4 ಎಂದು ಸುತ್ತ ಸಂಖ್ಯೆ ಕೊಡಿ. 1 ಮತ್ತು 2ರ ನಡುವಿನ ಅಂಚಿನಲ್ಲಿ 12 ಬೀಳುವುದು 1ರ ಮೇಲೆ, ಮುಂದಿನದರಲ್ಲಿ 2ರ ಮೇಲೆ, ಆಮೇಲೆ 3ರ ಮೇಲೆ. ಸುತ್ತು ಮುಗಿಯುವ 4 ಮತ್ತು 1ರ ಅಂಚಿನಲ್ಲಿ 4ರ ಮೇಲೆ ಬೀಳಬೇಕಿತ್ತು, ಆದರೆ ಪಟ್ಟಿಯಲ್ಲಿ 1 ಮೊದಲು. ಹಾಗಾಗಿ 1ನೇ ಮುಖ ಎರಡೂ ಕಡೆ 12 ಕಳೆದುಕೊಂಡು 36ಕ್ಕೆ ಇಳಿಯಿತು, 4ನೆಯದು ಎರಡೂ ಕಡೆ 4 ಮಾತ್ರ ಕೊಟ್ಟು 52ರಲ್ಲಿ ಉಳಿಯಿತು. ಮುಖಗಳ ಕ್ರಮ ಹೇಗೇ ಬದಲಾಗಲಿ, ಪಟ್ಟಿಗೆ ತಲೆ ಬುಡ ಇರುವ ತನಕ ಈ ಪ್ರದಕ್ಷಿಣೆ ಎಲ್ಲೋ ಒಂದು ಕಡೆ ಮುರಿಯಲೇಬೇಕು. ನೀವು ತಪ್ಪು ಮಾಡಿಲ್ಲ.

ಪರಿಹಾರ: ಆ ಅಂಚನ್ನು ಈ ಚಾಂಫರ್‌ನಿಂದ ತೆಗೆದು, ಅದಕ್ಕೇ ಬೇರೊಂದು ಚಾಂಫರ್ ಹಾಕಿ. ಫ್ಲಿಪ್ ಬೇಕೋ ಬೇಡವೋ ಎಂದು ಮೊದಲೇ ಲೆಕ್ಕ ಹಾಕಬೇಡಿ, ಮೊದಲ ಚಾಂಫರ್ ಆದ ಮೇಲೆ ಮುಖಗಳ ಪಟ್ಟಿಯೇ ಹೊಸದು. ಪರದೆ ನೋಡಿ ಒತ್ತಿ.

ಮಂಜೇಶ್ವರದಿಂದ:
ಕುಂಬಳೆಯ ಮಾಷ್ಟ್ರು ಹೇಳಿದ ಕಾರಣ ಸರಿ, ಮದ್ದು ನನಗೆ ಒಪ್ಪಿಗೆಯಿಲ್ಲ. ಉದ್ದಕ್ಕೂ ಒಂದೇ ಆಕಾರದ ಕಂಬಕ್ಕೆ ಚಾಂಫರ್ ಏಕೆ? ಸ್ಕೆಚ್‌ನಲ್ಲಿಯೇ (ಬುಡದ ಚಪ್ಪಟೆ ನಕ್ಷೆ) ಚೌಕದ ಬದಲು ಎಂಟು ಬದಿಯ ಆಕೃತಿ ಬರೆದು, 12 ಮತ್ತು 4ನ್ನು ಅಳತೆಯಾಗಿ ಕಟ್ಟಿಹಾಕಿ, ಪ್ಯಾಡ್ ಮಾಡಿ (ಅಂದರೆ ಮೇಲಕ್ಕೆ ಎಬ್ಬಿಸಿ). ದಿಕ್ಕು ನೀವು ಬರೆದ ಗೆರೆಯಲ್ಲೇ ಇರುತ್ತದೆ. ಎರಡು ಚಾಂಫರ್ ಹಾಕಿದರೆ, ನಾಳೆ ಬುಡದ ಸ್ಕೆಚ್ ತಿದ್ದಿದಾಗ ಯಾವುದು ಮಗುಚಿತೆಂದು ಮತ್ತೆ ಹುಡುಕಬೇಕು.

ಕುಂಬಳೆಯಿಂದ:
ಈ ಕಂಬದ ಮಟ್ಟಿಗೆ ಒಪ್ಪಿದೆ.

ನೀರ್ಚಾಲಿನಿಂದ:
ಸ್ಕೆಚ್‌ನಲ್ಲೇ ಮಾಡಿದೆ, ನಾಲ್ಕೂ ಮುಖ 44. ಚೌಕವನ್ನು 70ಕ್ಕೆ ಹಿಗ್ಗಿಸಿದರೂ ದಿಕ್ಕು ಕದಲಲಿಲ್ಲ. ಮಾಷ್ಟ್ರೇ, ಕಂಬದ ನೆತ್ತಿಯ ಅಂಚುಗಳಿಗೂ ಅಸಮ ಚಾಂಫರ್ ಬೇಕು. ಅಲ್ಲಿಯೂ ಇದೇ ಕಾಟವೇ?

ಕುಂಬಳೆಯಿಂದ:
ಅಲ್ಲಿ ಕಾಟ ಕಡಿಮೆ. ನೆತ್ತಿಯ ಮುಖ ಆ ಎಲ್ಲ ಅಂಚುಗಳಿಗೂ ಸೇರಿದ್ದು. ಪಟ್ಟಿಯಲ್ಲಿ ಅದು ಪಕ್ಕದ ಮುಖಗಳೆಲ್ಲಕ್ಕಿಂತ ಹಿಂದೆ ಅಥವಾ ಮುಂದೆ ಇದ್ದರೆ ಎಲ್ಲವೂ ಒಂದೇ ಕಡೆ ವಾಲುತ್ತವೆ. ನಡುವೆ ಸಿಕ್ಕಿಕೊಂಡರೆ ಮಾತ್ರ ಕೆಲವು ಹೀಗೆ, ಕೆಲವು ಹಾಗೆ. ಎಣ್ಣೆಯ ಬಟ್ಟಲಿಗೆ ಗುಳಿ ತೋಡುವುದಿದ್ದರೆ, ತೋಡಿದ ಮೇಲೆ ಇನ್ನೊಮ್ಮೆ ನೋಡಿ.

ನೀರ್ಚಾಲಿನಿಂದ:
ನೆತ್ತಿಯ ಅಂಚು ಒಂದೇ ಸಲಕ್ಕೆ ಸರಿಬಂತು, ಫ್ಲಿಪ್ ಒಮ್ಮೆ ಒತ್ತಬೇಕಾಯಿತು. ಅಡ್ಡಕೊಯ್ತದ ಚಿತ್ರವನ್ನು ನಿಜ ಅಳತೆಯಲ್ಲಿ ಮುದ್ರಿಸಿ ಬದಿಯಡ್ಕದ ಆಚಾರಿಗೆ ಕೊಟ್ಟಿದ್ದೇನೆ. ಮರದ ತುದಿಗೆ ಅಂಟಿಸಿಕೊಂಡು ಗೆರೆ ಎಳೆಯುತ್ತಾರಂತೆ.