ಸಹಾಯ ಬೇಕು: 120 ಫಿಲ್ಮ್‌ನಲ್ಲಿ ಬೂದು ಪರದೆಯ ಅಂಚು ಪಟ್ಟಿ ಪಟ್ಟಿಯಾಗಿ ಬರುತ್ತಿದೆ

ಎಲ್ಲರಿಗೂ ನಮಸ್ಕಾರ. ಸ್ಟುಡಿಯೋದಲ್ಲೇ ಕಪ್ಪು-ಬಿಳುಪು ಫಿಲ್ಮ್ ತೊಳೆಯುವವರು (ಡೆವಲಪ್ ಮಾಡುವವರು) ದಯವಿಟ್ಟು ನೋಡಿ.

ಎಚ್‌ಪಿ5 ಫಿಲ್ಮ್, 120 ಅಳತೆಯದು (ಸುಮಾರು 6 ಸೆಂ.ಮೀ. ಅಗಲದ ರೋಲ್), ಐಎಸ್‌ಒ (ಬೆಳಕಿನ ಸಂವೇದನೆ) 400. ಒಂದೇ ಸಾಫ್ಟ್‌ಬಾಕ್ಸ್ (ಬೆಳಕನ್ನು ಮೃದುಗೊಳಿಸುವ ಬಟ್ಟೆಯ ಪೆಟ್ಟಿಗೆ), ಹಿಂದೆ ಬೂದು ಪರದೆ. ಅದೇ ಬೆಳಕಿನಲ್ಲಿ ಡಿಜಿಟಲ್‌ನಲ್ಲಿ ತೆಗೆದ ಫೋಟೊದಲ್ಲಿ ಪರದೆ ಸಮನಾಗಿದೆ. ನೆಗೆಟಿವ್‌ನಲ್ಲಿ ಮಾತ್ರ ಫಿಲ್ಮಿನ ಎರಡೂ ಉದ್ದಂಚಿಗೆ ಸುಮಾರು 5 ಮಿ.ಮೀ. ದಟ್ಟ ಪಟ್ಟಿ; ಪ್ರಿಂಟ್‌ನಲ್ಲಿ ಅಲ್ಲಿ ಬಿಳಿಚಿಕೊಳ್ಳುತ್ತದೆ. ಲೆನ್ಸಿನ ದೋಷವಾಗಿದ್ದರೆ ಪ್ರಿಂಟಿನ ಅಂಚು ಕಪ್ಪಾಗಬೇಕಿತ್ತು. ಬೆಳಕು ಸೋರಿದ್ದರೆ ಫ್ರೇಮಿನ ಹೊರಗಿನ ಖಾಲಿ ಅಂಚೂ ಮಸುಕಾಗಬೇಕಿತ್ತು, ಅದು ಶುಭ್ರವಾಗಿದೆ. ಹಾಗಾಗಿ ಅನುಮಾನ ತೊಳೆಯುವ ಹಂತದ ಮೇಲೆಯೇ.

ಡಿ-76 ಡೆವಲಪರ್ (ಫಿಲ್ಮಿನಲ್ಲಿ ಚಿತ್ರ ಮೂಡಿಸುವ ದ್ರಾವಣ) 250 ಎಂ.ಎಲ್., ನೀರು 250 ಎಂ.ಎಲ್., 20 ಡಿಗ್ರಿಯಲ್ಲಿ 11 ನಿಮಿಷ. ನಲ್ಲಿ ನೀರು 28 ಡಿಗ್ರಿ ಇರುವುದರಿಂದ ಬಾಟಲಿಗಳನ್ನು ಐಸ್ ನೀರಿನ ಬಕೆಟ್‌ನಲ್ಲಿಟ್ಟು ತಣಿಸುತ್ತೇವೆ. ಮೊದಲ 30 ಸೆಕೆಂಡ್ ಬಿಡದೆ, ಆಮೇಲೆ ಪ್ರತಿ ನಿಮಿಷಕ್ಕೆ 4 ಸಲ ಟ್ಯಾಂಕ್ ತಲೆಕೆಳಗು ಮಾಡುತ್ತೇವೆ, ಸ್ವಲ್ಪ ಜೋರಾಗಿಯೇ. ಟ್ಯಾಂಕಿನೊಳಗೆ ಫಿಲ್ಮ್ ಸುತ್ತುವುದು ಪ್ಲಾಸ್ಟಿಕ್ ರೀಲಿಗೆ. ಸ್ಟಾಪ್ ಬಾತ್ (ಡೆವಲಪರ್ ಕೆಲಸ ನಿಲ್ಲಿಸುವ ದ್ರಾವಣ) 1 ನಿಮಿಷ, ಫಿಕ್ಸರ್ (ಚಿತ್ರವನ್ನು ಸ್ಥಿರಗೊಳಿಸುವ ದ್ರಾವಣ) 5 ನಿಮಿಷ.

ರೀಲಿನ ಸಂದಿಯಲ್ಲಿ ಡೆವಲಪರ್ ನುಗ್ಗಿ ಅಂಚಿಗೆ ಹೆಚ್ಚು ತಾಜಾ ದ್ರಾವಣ ಸಿಗುತ್ತಿದೆಯೇ? ಮೆಲ್ಲಗೆ 2 ಸಲ ತಿರುಗಿಸಿದರೆ ಸಾಕೇ, ಅಥವಾ ದ್ರಾವಣವನ್ನು 600 ಎಂ.ಎಲ್.ಗೆ ಏರಿಸಬೇಕೇ? ಮೊದಲು ಬರೀ ನೀರಲ್ಲಿ ನೆನೆಸಿ ಫಲ ಕಂಡವರಿದ್ದೀರಾ? ಬೂದು ಪರದೆ ಇಷ್ಟು ತಪ್ಪನ್ನೂ ಮುಚ್ಚಿಡುವುದಿಲ್ಲ, ಮುಖದ ಪಕ್ಕದಲ್ಲೇ ಕಣ್ಣಿಗೆ ಹೊಡೆಯುತ್ತದೆ. ಇದೇ ತೊಂದರೆ ಸರಿಮಾಡಿಕೊಂಡವರು ನಿಮ್ಮ ಸಮಯ, ಅಳತೆ ಸಮೇತ ತಿಳಿಸಿ.