ಕಾಫಿ ಕಣದ ಚಿತ್ರಸರಣಿ: ಹತ್ತು ತಿಂಗಳ ಕೆಲಸದ ನಂತರ ಒಂದು ಪ್ರಶ್ನೆ

ಪ್ರಶ್ನೆ: ದೃಶ್ಯಕಲಾ ವಿದ್ಯಾರ್ಥಿನಿ, ನಾಪೋಕ್ಲು

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ದೃಶ್ಯಕಲಾ ಪದವಿಯ ಕೊನೆಯ ವರ್ಷದಲ್ಲಿದ್ದು, ಛಾಯಾಗ್ರಹಣವನ್ನು ಮುಖ್ಯ ವಿಷಯವಾಗಿ ಓದುತ್ತಿದ್ದೇನೆ. ಬರುವ ಏಪ್ರಿಲ್‌ನಲ್ಲಿ 18 ಚಿತ್ರಗಳ ಒಂದು ಸರಣಿಯನ್ನು ಮುದ್ರಿಸಿ ಪ್ರದರ್ಶನಕ್ಕೆ ಒಪ್ಪಿಸಬೇಕಾಗಿದೆ. ಆರಂಭದಲ್ಲಿ ಎಲ್ಲರಂತೆ ನಾನೂ ಕೊಡಗಿನ ಮಾಂದಲಪಟ್ಟಿಯ ಮಂಜು, ರಾಜಾಸೀಟಿನ ಸಂಜೆ, ಅಬ್ಬಿ ಜಲಪಾತ ಎಂದು ಅಲೆದೆ. ಆ ಚಿತ್ರಗಳಲ್ಲಿ ನನ್ನದು ಎನ್ನುವಂಥದ್ದು ಏನೂ ಇರಲಿಲ್ಲವಾದ್ದರಿಂದ ಎಲ್ಲವನ್ನೂ ಬದಿಗಿಟ್ಟು, ಕಳೆದ ಜನವರಿಯಿಂದ ಅಜ್ಜಿಯ ಮನೆಯ ಮುಂದಿನ, ಕಾಫಿ ಒಣಗಿಸುವ ಕಣವೊಂದನ್ನೇ ತೆಗೆಯುತ್ತಿದ್ದೇನೆ.

ಸುಮಾರು 60 ಅಡಿ ಉದ್ದ, 40 ಅಡಿ ಅಗಲದ ಸಿಮೆಂಟಿನ ಕಣ ಅದು. ಜನವರಿ, ಫೆಬ್ರವರಿಯಲ್ಲಿ ಅದರ ತುಂಬ ಕೆಂಪು ಹಣ್ಣು ಹರಡಿರುತ್ತದೆ, ದಿನ ಕಳೆದಂತೆ ಕಂದಾಗಿ ಕೊನೆಗೆ ಕಪ್ಪಾಗುತ್ತದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಅದೇ ಕಣಕ್ಕೆ ಬೇರೆಯೇ ಬದುಕು ಬರುತ್ತದೆ. ಮೂಲೆಗಳಿಂದ ಪಾಚಿ ಹಬ್ಬುತ್ತದೆ, ಸಿಮೆಂಟು ಬಿರಿದಲ್ಲೆಲ್ಲ ಹುಲ್ಲು ಏಳುತ್ತದೆ, ತಗ್ಗಿನಲ್ಲಿ ನಿಂತ ನೀರಿನಲ್ಲಿ ಸಿಲ್ವರ್ ಓಕ್ ಮರಗಳ ನೆರಳು ಬೀಳುತ್ತದೆ. ಒಂದು ದಿನ ಅಜ್ಜಿ ಜಾರದಿರಲೆಂದು ಬಾಗಿಲಿನಿಂದ ಕೊಟ್ಟಿಗೆಯವರೆಗೆ ಗೋಣಿಚೀಲಗಳನ್ನು ಸಾಲಾಗಿ ಹಾಸಿದ್ದರು. ಇಲ್ಲಿಯವರೆಗಿನ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಚಿತ್ರ, ಆ ಒದ್ದೆ ಗೋಣಿಗಳ ಸಾಲು.

ತೊಂದರೆ ಇರುವುದು ಇಲ್ಲಿಯೇ. ಮಾರ್ಗದರ್ಶಕರು ಜನವರಿಯ ಚಿತ್ರಗಳನ್ನು ನೋಡಿ, ಅವು ಕ್ಯಾಲೆಂಡರಿಗೆ ಹೊಂದುವಂತಿವೆ ಎಂದರು. ಜುಲೈನವು ಅವರಿಗೆ ಹಿಡಿಸಿದವಾದರೂ ಸಹಪಾಠಿಗಳಿಗೆ ಅದು ಕಾಫಿ ಒಣಗಿಸುವ ಜಾಗವೆಂದೇ ತಿಳಿಯಲಿಲ್ಲ. ಗೋಡೆಯ ಮೇಲೆ ಅಕ್ಕಪಕ್ಕ ಅಂಟಿಸಿ ನೋಡಿದರೆ ಇಬ್ಬರು ಬೇರೆ ಬೇರೆ ಜನ ತೆಗೆದ ಎರಡು ಕಟ್ಟುಗಳಂತೆ ಕಾಣುತ್ತವೆ. ಜನವರಿಯ ಚಿತ್ರಗಳನ್ನು ಪೂರ್ತಿಯಾಗಿ ಕೈಬಿಟ್ಟು ಮಳೆಗಾಲವನ್ನಷ್ಟೇ ಉಳಿಸಿಕೊಳ್ಳಬೇಕೇ? ಕಣದಲ್ಲಿ ಕೆಲಸ ಮಾಡುವವರನ್ನು ತೆಗೆಯದೆ ಇರುವುದು ಅನ್ಯಾಯವೆನಿಸುತ್ತದೆ, ಆದರೆ ಕ್ಯಾಮೆರಾ ಎತ್ತಿದ ಕೂಡಲೇ ಅವರು ಕೆಲಸ ನಿಲ್ಲಿಸಿ ಕೈಕಟ್ಟಿ ನಿಂತುಬಿಡುತ್ತಾರೆ. ಇದನ್ನು ಹೇಗೆ ನಿಭಾಯಿಸುವುದು? ಜೊತೆಗೆ, ಬಿಸಿಲಿನಲ್ಲಿ ತೆಗೆದ ಹಣ್ಣಿನ ಚಿತ್ರಗಳನ್ನು ಮುದ್ರಿಸಿದಾಗ ಹಣ್ಣುಗಳು ಬಿಡಿಬಿಡಿಯಾಗಿ ಕಾಣದೆ ಕೆಂಪು ಬಣ್ಣ ಬಳಿದಂತಾಗುತ್ತಿದೆ. ಆರು ಚಿತ್ರಗಳನ್ನು ಇದರ ಜೊತೆಗೆ ಇಟ್ಟಿದ್ದೇನೆ. ದಯವಿಟ್ಟು ನೋಡಿ ತಿಳಿಸಬೇಕಾಗಿ ವಿನಂತಿ.

ಉತ್ತರ: ಛಾಯಾಗ್ರಾಹಕ, ಮಡಿಕೇರಿ

ಆರೂ ಚಿತ್ರಗಳನ್ನು ಎರಡೆರಡು ಬಾರಿ ನೋಡಿದೆ. ಗೋಣಿಚೀಲಗಳ ಚಿತ್ರ ನಿಜಕ್ಕೂ ಒಳ್ಳೆಯದು. ಎರಡು ಕಟ್ಟುಗಳು ಒಂದಾಗದಿರುವುದಕ್ಕೆ ಋತು ಕಾರಣವಲ್ಲ, ನೀವು ನಿಂತ ಜಾಗ ಕಾರಣ ಎಂಬುದು ನನ್ನ ಅಭಿಪ್ರಾಯ. ಜನವರಿಯಲ್ಲಿ ನೀವು ಅಗಲ ಕೋನದ ಲೆನ್ಸಿನಲ್ಲಿ, ನೆಲಕ್ಕೆ ಬಾಗಿ, ಬೆಳಗಿನ ಓರೆ ಬಿಸಿಲಿನಲ್ಲಿ ತೆಗೆದಿದ್ದೀರಿ. ಜುಲೈನಲ್ಲಿ ಜಗಲಿಯ ಮೇಲೆ ನಿಂತು, ಮೋಡದ ಬೆಳಕಿನಲ್ಲಿ, ಸಮಾಧಾನವಾಗಿ ನೋಡಿದ್ದೀರಿ. ಮೊದಲನೆಯದರಲ್ಲಿ ಕಣವನ್ನು ಚೆನ್ನಾಗಿ ಕಾಣಿಸಬೇಕೆಂಬ ಹಂಬಲವಿದೆ, ಎರಡನೆಯದರಲ್ಲಿ ಕಣವೇ ಇದೆ. ಆದ್ದರಿಂದ ಜನವರಿಯನ್ನು ಕೈಬಿಡಬೇಡಿ. ಜುಲೈನಲ್ಲಿ ನಿಂತ ಜಾಗದಿಂದಲೇ ಬರುವ ಜನವರಿಯಲ್ಲಿ ಮತ್ತೊಮ್ಮೆ ತೆಗೆಯಿರಿ. ಟ್ರೈಪಾಡಿನ ಮೂರು ಕಾಲುಗಳು ನಿಲ್ಲುವ ಕಡೆ ಬಣ್ಣದಿಂದ ಗುರುತು ಹಾಕಿ, ಎತ್ತರವನ್ನು ಬರೆದಿಟ್ಟುಕೊಂಡು, 50 ಮಿ.ಮೀ. ಲೆನ್ಸ್ ಒಂದನ್ನೇ ಬಳಸಿ.

ಜರ್ಮನಿಯ ಬರ್ನ್ಡ್ ಬೆಕರ್ ಮತ್ತು ಹಿಲ್ಲಾ ಬೆಕರ್ ದಂಪತಿ 1959ರಿಂದ ದಶಕಗಳ ಕಾಲ ನೀರಿನ ಗೋಪುರಗಳು, ಊದುಕುಲುಮೆಗಳಂಥ ಕೈಗಾರಿಕಾ ಕಟ್ಟಡಗಳನ್ನು ಮೋಡ ಮುಸುಕಿದ ಬೆಳಕಿನಲ್ಲಿ, ಒಂದೇ ಬಗೆಯ ದೃಷ್ಟಿಕೋನದಿಂದ ತೆಗೆದು ಸಾಲುಸಾಲಾಗಿ ಜೋಡಿಸಿದರು. 1990ರ ವೆನಿಸ್ ಬಿಯೆನಾಲೆ ಎಂಬ ಅಂತರರಾಷ್ಟ್ರೀಯ ಕಲಾ ಪ್ರದರ್ಶನದಲ್ಲಿ ಅವರಿಗೆ ಸಂದ ಗೌರವ ಶಿಲ್ಪ ವಿಭಾಗದ್ದು ಎಂಬುದನ್ನು ನಾನು ವಿದ್ಯಾರ್ಥಿಗಳಿಗೆ ಯಾವಾಗಲೂ ಹೇಳುತ್ತೇನೆ. ಆದರೆ ಅವರು ನೋಡಿದ್ದು ಅನೇಕ ವಸ್ತುಗಳನ್ನು, ನೀವು ನೋಡುತ್ತಿರುವುದು ಒಂದೇ ನೆಲವನ್ನು. ನಿಮಗೆ ಇನ್ನೂ ಹತ್ತಿರದವರು ಪ್ರಾಗ್ ನಗರದ ಛಾಯಾಗ್ರಾಹಕ ಯೋಸೆಫ್ ಸೂಡೆಕ್. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದ ಅವರು 1940ರ ದಶಕದಲ್ಲಿ ತಮ್ಮ ಸ್ಟುಡಿಯೋದ ಕಿಟಕಿಯೊಂದನ್ನೇ ವರ್ಷಗಟ್ಟಲೆ ತೆಗೆದರು. ಗಾಜಿನ ಮೇಲಿನ ಆವಿ, ಮಂಜಿನ ಹನಿ, ಹೊರಗಿನ ಬಾಗಿದ ಮರ ಇವಿಷ್ಟರಲ್ಲಿಯೇ ಋತುಗಳು ಬದಲಾಗುವುದನ್ನು ಅಲ್ಲಿ ಕಾಣಬಹುದು.

ಕೆಂಪಿನ ಸಮಸ್ಯೆಗೆ ಪರಿಹಾರವಿದೆ. ಬಿಸಿಲಿನಲ್ಲಿರುವ ಕಾಫಿ ಹಣ್ಣಿಗೆ ಕ್ಯಾಮೆರಾದ ಒಟ್ಟು ಹಿಸ್ಟೋಗ್ರಾಂ, ಅಂದರೆ ಬೆಳಕಿನ ಪ್ರಮಾಣ ತೋರಿಸುವ ನಕ್ಷೆ, ಸರಿಯಾಗಿ ಕಂಡರೂ ಕೆಂಪು ಬಣ್ಣದ ಪಾಲು (ಚಾನೆಲ್) ಮಾತ್ರ ಅಂಚು ದಾಟಿ ವಿವರ ಕಳೆದುಕೊಂಡಿರುತ್ತದೆ. ಮೂರು ಬಣ್ಣಗಳ ಹಿಸ್ಟೋಗ್ರಾಂಗಳನ್ನು ಬೇರೆಬೇರೆಯಾಗಿ ನೋಡಿ, ಕೆಂಪು ಅಂಚಿನೊಳಗೆ ಬರುವವರೆಗೆ ಎಕ್ಸ್‌ಪೋಷರ್ ಇಳಿಸಿ, ಕ್ಯಾಮೆರಾ ಸಂಸ್ಕರಿಸದ ರಾ ಫೈಲಿನಲ್ಲಿಯೇ ಉಳಿಸಿಕೊಳ್ಳಿ. ಮೋಡದ ದಿನ ತೆಗೆದರೆ ಈ ಕಷ್ಟ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಉತ್ತರ: ಬೆಳೆಗಾರ, ಸುಂಟಿಕೊಪ್ಪ

ನನಗೆ ಛಾಯಾಗ್ರಹಣದ ಶಾಸ್ತ್ರ ತಿಳಿಯದು, ಆದರೆ ಮೂವತ್ತು ವರ್ಷಗಳಿಂದ ಕಣದ ಕೆಲಸ ಮಾಡಿಸುತ್ತಿರುವವನಾದ್ದರಿಂದ ಕೆಲವು ಮಾತು ಹೇಳಬಹುದೆಂದುಕೊಂಡೆ. ನಿಮ್ಮ ಮೂರನೆಯ ಚಿತ್ರಕ್ಕೆ ಚೆರಿ ಎಂದು ಬರೆದಿದ್ದೀರಿ ತಾಯಿ, ಅದು ಚೆರಿಯಲ್ಲ, ಪಾರ್ಚ್‌ಮೆಂಟ್. ಹಣ್ಣನ್ನು ಹಾಗೆಯೇ ಒಣಗಿಸಿದರೆ ಚೆರಿ. ಪಲ್ಪರಿಗೆ ಕೊಟ್ಟು ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ತಿಳಿಹಳದಿ ಬಣ್ಣದ ಬೀಜ ಪಾರ್ಚ್‌ಮೆಂಟ್. ಪ್ರದರ್ಶನಕ್ಕೆ ಬರುವ ಕೊಡಗಿನವರು ಮೊದಲು ಗಮನಿಸುವುದೇ ಇದನ್ನು, ದಯವಿಟ್ಟು ತಿದ್ದಿಕೊಳ್ಳಿ.

ಕೆಲಸದವರ ವಿಚಾರವಾಗಿ ಒಂದು ಸೂಚನೆ. ಚೆರಿ ಒಣಗಲು ಒಳ್ಳೆಯ ಬಿಸಿಲಿದ್ದರೂ ಹನ್ನೆರಡರಿಂದ ಹದಿನೈದು ದಿನ ಬೇಕು. ಅಷ್ಟು ದಿನವೂ ಅದನ್ನು ಮೇಲೆ ಕೆಳಗೆ ಮಾಡುತ್ತಲೇ ಇರಬೇಕು, ಸಂಜೆ ರಾಶಿ ಮಾಡಿ ಟಾರ್ಪಾಲು ಹೊದಿಸಬೇಕು, ಬೆಳಿಗ್ಗೆ ಮತ್ತೆ ಹರಡಬೇಕು. ನಮ್ಮಲ್ಲಿ ಹೆಂಗಸರು ಅದರೊಳಗೆ ಕಾಲೆಳೆಯುತ್ತ ಸಾಲು ಹಿಡಿದು ನಡೆಯುತ್ತಾರೆ. ಆ ಕಾಲಿನ ಗೆರೆಗಳು ಕಣದ ಈ ತುದಿಯಿಂದ ಆ ತುದಿಯವರೆಗೆ ಉತ್ತ ಗದ್ದೆಯಂತೆ ಕಾಣುತ್ತವೆ, ಅವುಗಳನ್ನು ನೋಡಿಯೇ ಯಾರು ನಡೆದರೆಂದು ನನ್ನ ಹೆಂಡತಿ ಹೇಳಬಲ್ಲಳು. ಕೈಕಟ್ಟಿ ನಿಂತವರ ಮುಖಕ್ಕಿಂತ ಆ ಗೆರೆಗಳಲ್ಲಿ ಅವರು ಹೆಚ್ಚು ಇದ್ದಾರೆ ಎಂದು ನನಗೆ ತೋರುತ್ತದೆ. ಮುಖಗಳನ್ನು ತೆಗೆಯುವುದಾದರೆ ಮೊದಲು ಒಪ್ಪಿಗೆ ಕೇಳಿ, ಮುದ್ರಿಸಿದ ಒಂದು ಪ್ರತಿಯನ್ನು ಅವರ ಕೈಗೆ ಕೊಡಿ.

ಇನ್ನೊಂದು ಮಾತು. ಹಣ್ಣು ತುಂಬಿದ ಕಣ ನಿಮ್ಮಲ್ಲಿದೆ, ಪಾಚಿ ಹಿಡಿದ ಕಣವಿದೆ, ಆದರೆ ಕಣ ಕೆರೆಯುವ ದಿನ ಇಲ್ಲ. ಮಳೆ ಬಿಟ್ಟ ಮೇಲೆ, ಅರೇಬಿಕಾ ಕಾಫಿಯ ಕುಯ್ಲಿಗೆ ಮೊದಲು, ಎಲ್ಲರ ಮನೆಯಲ್ಲೂ ಪಾಚಿ ಕೆರೆದು ಕಣ ತೊಳೆಯುತ್ತಾರೆ. ಆ ದಿನ ಮಧ್ಯಾಹ್ನದ ಹೊತ್ತಿಗೆ ಕಣ ಅರ್ಧ ಹಸಿರು, ಅರ್ಧ ಬೂದು ಬಣ್ಣದಲ್ಲಿರುತ್ತದೆ. ನಿಮ್ಮ ಎರಡು ಕಟ್ಟುಗಳೂ ಒಂದೇ ನೆಲದ ಮೇಲೆ ಕಾಣುವುದು ಆ ಒಂದು ದಿನ ಮಾತ್ರ. ಈಗ ನವೆಂಬರ್ ಬಂದಿದೆ, ಅಜ್ಜಿಯವರಿಗೆ ಇಂದೇ ಫೋನ್ ಮಾಡಿ.

ಉತ್ತರ: ಚಿತ್ರಕಲಾ ಶಿಕ್ಷಕಿ, ವಿರಾಜಪೇಟೆ

ಮುದ್ರಣದ ಬಗ್ಗೆ ಮಾತ್ರ ಹೇಳುತ್ತೇನೆ. ಪಾಚಿಯ ಕಡುಹಸಿರು ಹೊಳಪಿಲ್ಲದ ಹತ್ತಿಯ ಕಾಗದದ ಮೇಲೆ ಸುಲಭವಾಗಿ ಕಪ್ಪಿಗೆ ಇಳಿದುಬಿಡುತ್ತದೆ. ದೊಡ್ಡ ಅಳತೆಯಲ್ಲಿ ಮಾಡಿಸುವ ಮೊದಲು ಅತ್ಯಂತ ಕಪ್ಪಾದ ಭಾಗದಿಂದ ಒಂದು ಕಿರುಪಟ್ಟಿಯನ್ನು ಮುದ್ರಿಸಿ, ಹಗಲು ಬೆಳಕಿನಲ್ಲಿ ನೋಡಿ. ಇಡೀ ಮಳೆಗಾಲ ಹೊರಗೆ ತೆಗೆದಿದ್ದೀರಾದ್ದರಿಂದ ಲೆನ್ಸಿಗೆ ಬೂಷ್ಟು ಹಿಡಿದಿದೆಯೇ ಎಂದು ಟಾರ್ಚ್ ಹಾಕಿ ಪರೀಕ್ಷಿಸಿಕೊಳ್ಳಿ. ಮುಂದೆ ಹಿಡಿಯದಿರಲು, ತೇವ ಹೀರುವ ಸಿಲಿಕಾ ಜೆಲ್ ಹಾಕಿದ, ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಸಾಕು.

ಮರುತ್ತರ: ದೃಶ್ಯಕಲಾ ವಿದ್ಯಾರ್ಥಿನಿ, ನಾಪೋಕ್ಲು

ಒಂಬತ್ತು ದಿನಗಳ ನಂತರ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮೆಯಿರಲಿ. ಸುಂಟಿಕೊಪ್ಪದ ಹಿರಿಯರ ಉತ್ತರ ಓದಿದ ಸಂಜೆಯೇ ಅಜ್ಜಿಗೆ ಫೋನ್ ಮಾಡಿದೆ. ಕಣ ಕೆರೆಯಲು ಮರುದಿನ ಬೆಳಿಗ್ಗೆ ಜನ ಬರುವವರಿದ್ದರು. ನಾನು ಬರುವವರೆಗೆ ಒಂದು ದಿನ ತಡೆಯಲು ಅಜ್ಜಿ ಒಪ್ಪಿದರು, ರಾತ್ರಿ ಬಸ್ಸಿಗೆ ಹೊರಟು ಬಂದೆ. ಜಗಲಿಯ ಮೇಲೆ ಟ್ರೈಪಾಡಿನ ಗುರುತು ಹಾಕಿ, 50 ಮಿ.ಮೀ. ಲೆನ್ಸಿನಲ್ಲಿ, ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಅರ್ಧ ಗಂಟೆಗೊಂದರಂತೆ 17 ಚಿತ್ರಗಳನ್ನು ತೆಗೆದಿದ್ದೇನೆ. ಸನಿಕೆ ಕೊಟ್ಟಾಗ ಪಾಚಿ ಕಾವಲಿಯಿಂದ ಎತ್ತಿದ ಅಕ್ಕಿರೊಟ್ಟಿಯ ಹಾಗೆ ಅಂಚು ಮಡಚಿಕೊಂಡು ಒಂದೇ ಹಾಳೆಯಾಗಿ ಬರುತ್ತಿತ್ತು. ಅದರ ಅಡಿಯಲ್ಲಿ, ಬಿರುಕಿನಲ್ಲಿ ಸಿಕ್ಕಿಕೊಂಡು ಉಳಿದಿದ್ದ ಕಳೆದ ವರ್ಷದ ನಾಲ್ಕಾರು ಒಣ ಚೆರಿಗಳೂ ಸಿಕ್ಕಿದವು, ಅವುಗಳಲ್ಲಿ ಒಂದು ಮೊಳಕೆಯೊಡೆದಿತ್ತು.

ಮಧ್ಯಾಹ್ನ ಹನ್ನೆರಡೂವರೆಯ ಚಿತ್ರವನ್ನು ಗೋಡೆಯ ನಡುವೆ ಅಂಟಿಸಿದ ಮೇಲೆ ಜುಲೈನವು ಎಡಕ್ಕೂ ಜನವರಿಯವು ಬಲಕ್ಕೂ ತಾವಾಗಿಯೇ ಹೋಗಿ ನಿಂತವು. ಜನವರಿಯ ಹಳೆಯ ಚಿತ್ರಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡು, ಉಳಿದವನ್ನು ಅದೇ ಗುರುತಿನ ಮೇಲೆ ನಿಂತು ಮತ್ತೆ ತೆಗೆಯಲಿದ್ದೇನೆ. ಕಾಲಿನ ಗೆರೆಗಳಿಗಾಗಿ ಹಣ್ಣು ಹರಡಿದ ಮೂರನೆಯ ದಿನ ಬರುವಂತೆ ಕಣದಲ್ಲಿ ಕೆಲಸ ಮಾಡುವ ಅಕ್ಕನೊಬ್ಬರು ಹೇಳಿದ್ದಾರೆ, ಅಷ್ಟರೊಳಗೆ ಹಣ್ಣು ಸ್ವಲ್ಪ ಬಾಡಿ ಗೆರೆ ಚೆನ್ನಾಗಿ ನಿಲ್ಲುತ್ತದಂತೆ. ಮೂರನೆಯ ಚಿತ್ರದ ಅಡಿಬರಹವನ್ನು ಪಾರ್ಚ್‌ಮೆಂಟ್ ಎಂದು ತಿದ್ದಿದ್ದೇನೆ. ಲೆನ್ಸಿನ ಅಂಚಿನಲ್ಲಿ ಬೂಷ್ಟಿನ ಎರಡು ಎಳೆಗಳು ಕಂಡವು, ಸ್ವಚ್ಛಗೊಳಿಸಲು ಕೊಟ್ಟಿದ್ದೇನೆ.